ಭಿನ್ನರಾಶಿಯ ಆಚಾರ್ಯ ಮಹಾವೀರ

ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನು ಕನ್ನಡ ನಾಡನ್ನಾಳುತ್ತಿದ್ದ ಕಾಲದ ಗಣಿತಜ್ಞರಲ್ಲಿ ಅಗ್ರಗಣ್ಯರು ಜೈನ ವಿದ್ವಾಂಸರಾದ ಮಹಾವೀರಾಚಾರ್ಯರು. ಸುಮಾರು ಕ್ರಿ.ಶ. 850ರಲ್ಲಿ ಅವರು ಸಂಸ್ಕೃತ ಪದ್ಯಗಳಲ್ಲಿ ರಚಿಸಿದ 'ಗಣಿತಸಾರಸಂಗ್ರಹ'ದ ಆರಂಭದಲ್ಲಿಯೇ ಆ ಅರಸನ ಪ್ರಶಸ್ತಿಯಿದೆ.

ಭಿನ್ನರಾಶಿಗಳಿಗೆಂದೇ ಅವರು 'ಕಲಾಸವರ್ಣ'ವೆಂಬ ಪ್ರಕರಣವನ್ನು ಮೀಸಲಿಟ್ಟರು. ಛೇದಗಳು ಬೇರೆಬೇರೆಯಾದಾಗ ಅವುಗಳ ಲಘುತಮ ಸಾಮಾನ್ಯ ಅಪವರ್ತ್ಯವನ್ನು 'ನಿರುದ್ಧ'ವೆಂದು ಕರೆದು, ಅದರಿಂದ ಸಮಚ್ಛೇದಗೊಳಿಸುವ ಕ್ರಮವನ್ನು ಬೋಧಿಸಿದರು. ಒಂದು ಎಂಬ ಪೂರ್ಣವನ್ನು, ಅಂಶವು ಒಂದೇ ಆಗಿರುವ ಭಿನ್ನಗಳ ಮೊತ್ತವಾಗಿ ಬರೆಯುವ ಸೂತ್ರವನ್ನೂ ಕೊಟ್ಟರು. ಅದರಂತೆ ಬೆಲ್ಲದಚ್ಚೊಂದನ್ನು ಅರ್ಧ, ಮೂರನೆಯ ಒಂದು, ಆರನೆಯ ಒಂದು ಎಂದು ಮೂವರಿಗೆ ಹಂಚಿದರೆ ಏನೂ ಉಳಿಯದು. ಛೇದವನ್ನು ಆರು ಮಾಡಿದಾಗ ಮೂರು, ಎರಡು, ಒಂದು ಭಾಗಗಳು ಕೂಡಿ ಆರಾಗುತ್ತವೆ.

ಮುಂದಿನ 'ಪ್ರಕೀರ್ಣಕ' ಪ್ರಕರಣದ ಲೆಕ್ಕಗಳಲ್ಲಿ ಆನೆಹಿಂಡು, ನವಿಲು, ದುಂಬಿಗಳು ಬರುತ್ತವೆ. ಕಾಡಂಚಿನ ಎನ್. ಬೇಗೂರಿನ ಮಕ್ಕಳಿಗೆ ಆನೆಹಿಂಡು ಅಪರಿಚಿತವೇ?

1912ರಲ್ಲಿ ಎಂ. ರಂಗಾಚಾರ್ಯರು ಈ ಗ್ರಂಥವನ್ನು ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಪ್ರಕಟಿಸಿ ಲೋಕಕ್ಕೆ ಪರಿಚಯಿಸಿದರು. ಅಂಶಕ್ಕೆ ಅಂಶವನ್ನು, ಛೇದಕ್ಕೆ ಛೇದವನ್ನು ಕೂಡಿಸಿ ತಪ್ಪುವ ಬಾಲಕನಿಗೆ ಬೇಕಾದುದು ಗದರಿಕೆಯಲ್ಲ, ಕಣ್ಣೆದುರಿಗೆ ಪಾಲಾಗುವ ವಸ್ತು. ಭಿನ್ನರಾಶಿಯು ಹುಟ್ಟಿದುದು ಹಂಚಿಕೆಯಿಂದ. ಅದನ್ನು ಹಂಚಿಕೆಯಿಂದಲೇ ಕಲಿಸುವುದು ಆಚಾರ್ಯರಿಗೆ ಶಿಕ್ಷಕರು ಸಲ್ಲಿಸಬಹುದಾದ ಗುರುದಕ್ಷಿಣೆ.