ವಿದ್ಯೆಯೂ ಜೀವಿಕೆಯೂ

ಶಾಸ್ತ್ರ ಬಲ್ಲವನು ಆ ಶಾಸ್ತ್ರದಿಂದಲೇ ಹೊಟ್ಟೆ ಹೊರೆಯಬಹುದೇ, ಅಥವಾ ಅನ್ನಕ್ಕೆ ಬೇರೊಂದು ದುಡಿಮೆಯನ್ನು ನೋಡಿಕೊಳ್ಳಬೇಕೇ ಎಂಬ ಪ್ರಶ್ನೆಯು ಎಲ್ಲ ದೇಶಗಳಲ್ಲಿಯೂ ಪುರಾತನವಾದುದು. ಯೆಹೂದ್ಯರಲ್ಲಿ ಇದಕ್ಕೆ ಅತಿ ನಿಷ್ಠುರವಾದ ಉತ್ತರವನ್ನಿತ್ತವನೂ, ಆ ಉತ್ತರದ ಬೆಲೆಯನ್ನು ತಾನೇ ತೆತ್ತವನೂ ಮೋಶೆ ಬೆನ್ ಮೈಮೋನನು. ಯುರೋಪಿನವರು ಈತನನ್ನು ಮೈಮೊನಿಡೀಸ್ ಎನ್ನುತ್ತಾರೆ. ಈತನ ಚರಿತ್ರೆಯನ್ನು ವಾಚಕರ ಮುಂದೆ ಸಂಕ್ಷೇಪವಾಗಿ ಇಡಬಯಸುತ್ತೇವೆ.

ಸುಮಾರು 1138ರಲ್ಲಿ ಸ್ಪೇನಿನ ಕೊರ್ಡೋವಾ ನಗರದಲ್ಲಿ ಈತನ ಜನನವಾಯಿತು. ತಂದೆಯು ಧರ್ಮನ್ಯಾಯಾಧಿಪತಿ. 1148ರಲ್ಲಿ ಆಲ್ಮೊಹದರು ಆ ಪಟ್ಟಣವನ್ನು ಹಿಡಿದು ಅನ್ಯಮತೀಯರ ಮೇಲೆ ಬಲಾತ್ಕಾರವನ್ನು ಆರಂಭಿಸಲು, ಕುಟುಂಬವು ಊರೂರು ಅಲೆದು, ಮೊರಾಕೊದ ಫೆಜ್ ನಗರದಲ್ಲಿ ಕೆಲಕಾಲ ನಿಂತು, 1165ರಲ್ಲಿ ಪ್ಯಾಲೆಸ್ಟೈನಿಗೆ ಹೋಗಿ, ಕಡೆಗೆ ಈಜಿಪ್ಟಿನ ಫುಸ್ತಾತಿನಲ್ಲಿ ನೆಲಸಿತು. ಈ ಅಲೆದಾಟದ ನಡುವೆಯೇ ಮೋಶೆಯು ಯೆಹೂದ್ಯರ ಸ್ಮೃತಿಯೆನ್ನಬಹುದಾದ ಮಿಶ್ನಾ ಗ್ರಂಥಕ್ಕೆ ವ್ಯಾಖ್ಯಾನ ಬರೆದು 1168ರಲ್ಲಿ ಮುಗಿಸಿದನು. ಧರ್ಮಜ್ಞಾನವನ್ನು ಜೀವನೋಪಾಯವಾಗಿ ಮಾಡಿಕೊಳ್ಳಬಾರದು, ಜನರಿಂದ ಅದಕ್ಕಾಗಿ ಹಣ ಬೇಡುವುದು ದೇವರ ನಾಮಕ್ಕೇ ಅಪಚಾರವೆಂದು ಆತನು ಅಲ್ಲಿ ಖಂಡತುಂಡವಾಗಿ ಹೇಳಿದ್ದಾನೆ.

ಆದರೆ ಒಂದು ಮಾತನ್ನು ಮರೆಮಾಚಲಾಗದು. ಆಗ ಆತನ ಮನೆಯ ಒಲೆ ಉರಿಯುತ್ತಿದ್ದುದು ತಮ್ಮನಾದ ದಾವೀದನ ವ್ಯಾಪಾರದಿಂದ. ಅಣ್ಣನ ಹಣವನ್ನೂ ಸೇರಿಸಿಕೊಂಡು ವ್ಯಾಪಾರ ಮಾಡಿ, ಅಣ್ಣನಿಗೆ ಅಧ್ಯಯನಕ್ಕೆ ಅವಕಾಶ ಕಲ್ಪಿಸಿದವನು ಆ ತಮ್ಮನೇ. ದಾವೀದನು ಒಮ್ಮೆ ಮರುಭೂಮಿಯನ್ನು ದಾಟಿ ಕೆಂಪು ಸಮುದ್ರದ ಐಧಾಬ್ ಬಂದರಿಗೆ ಬಂದು, ಅಲ್ಲಿ ಕೊಳ್ಳತಕ್ಕ ಸರಕು ದೊರೆಯದೆ, ಹಿಂದೂಸ್ಥಾನಕ್ಕೆ ಹಡಗು ಹತ್ತುವುದಾಗಿ ಅಣ್ಣನಿಗೆ ಬರೆದ ಓಲೆಯು ಕೇಂಬ್ರಿಜ್ ವಿಶ್ವವಿದ್ಯಾನಿಲಯದಲ್ಲಿ ಉಳಿದಿದೆ. ಈ ಜಲಮಾರ್ಗ ಕನ್ನಡಿಗರಿಗೆ ಪರಕೀಯವಲ್ಲ. ಅದೇ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದ್ಯ ವರ್ತಕನು 1149ರವರೆಗೆ ಅನೇಕ ವರ್ಷ ನಮ್ಮ ಕರಾವಳಿಯಲ್ಲಿ, ಬಹುಮಟ್ಟಿಗೆ ಮಂಗಳೂರಿನಲ್ಲಿಯೇ, ವಾಸವಾಗಿದ್ದನು.

ದಾವೀದನು ಹಿಂದೂ ಮಹಾಸಾಗರದಲ್ಲಿ ಮುಳುಗಿ ಸತ್ತನು. ಅವನ ಹಣ, ಅಣ್ಣನ ಹಣ, ಪರರ ಹಣ ಎಲ್ಲವೂ ನೀರುಪಾಲಾಯಿತು. ಹೆಂಡತಿಯೂ ಪುಟ್ಟ ಮಗಳೂ ಅಣ್ಣನ ಪಾಲಿಗೆ ಉಳಿದರು. ಮೋಶೆಯು ಒಂದು ವರ್ಷ ಜ್ವರದಿಂದ ಹಾಸಿಗೆ ಹಿಡಿದನು. ಎಂಟು ವರ್ಷಗಳ ತರುವಾಯವೂ ತಮ್ಮನ ಕೈಬರಹ ಕಣ್ಣಿಗೆ ಬಿದ್ದರೆ ಕರುಳು ತಿರುಚುವುದೆಂದು ಮಿತ್ರನಿಗೆ ತೋಡಿಕೊಂಡನು.

ಬರೆದ ನಿಯಮಕ್ಕೆ ಈಗಲೇ ನಿಜವಾದ ಪರೀಕ್ಷೆ. ಸಮುದಾಯವು ಇಂತಹ ಪಂಡಿತನನ್ನು ಸಾಕಲು ಹಿಂದೆಗೆಯುತ್ತಿರಲಿಲ್ಲ. ಆತನಾದರೋ ವೈದ್ಯವೃತ್ತಿಯನ್ನು ಹಿಡಿದನು; ಸಲಾದಿನನ ಮಂತ್ರಿ ಅಲ್-ಫಾದಿಲನ ಆಶ್ರಯ ದೊರೆಯಿತು. ಹೀಗೆ ದುಡಿಯುತ್ತಲೇ, ಹದಿನಾಲ್ಕು ಭಾಗಗಳ ಮಿಶ್ನೇ ತೋರಾ ಎಂಬ ಧರ್ಮಸಂಹಿತೆಯನ್ನೂ, ಸುಮಾರು 1190ರಲ್ಲಿ ಸಂಶಯಗ್ರಸ್ತರಿಗೆ ದಾರಿತೋರುವ ತತ್ತ್ವಗ್ರಂಥವನ್ನೂ ರಚಿಸಿದನು. ಗುಣಗಳಲ್ಲಿ ಮಧ್ಯಮಮಾರ್ಗವೇ ಸರಿ, ಆದರೆ ಗರ್ವಕ್ಕೂ ಕೋಪಕ್ಕೂ ಎಳ್ಳಷ್ಟೂ ಎಡೆಗೊಡಬಾರದು. ಅದೇ ಪಾಪಕ್ಕೆ ಅದೇ ಅವಕಾಶ ಮರಳಿ ಬಂದಾಗಲೂ ಶಕ್ತಿಯಿದ್ದೂ ತೊಲಗಿ ನಿಲ್ಲುವವನ ಪಶ್ಚಾತ್ತಾಪವೇ ಪೂರ್ಣ — ಇವು ಆ ಸಂಹಿತೆಯ ಬೋಧೆಗಳು. ದಾನದಲ್ಲಿ ಎಂಟು ಮೆಟ್ಟಿಲುಗಳನ್ನು ಎಣಿಸಿದ್ದಾನೆ. ಮುಖ ಸಿಂಡರಿಸಿ ಕೊಡುವುದು ಎಲ್ಲಕ್ಕೂ ಕೆಳಗಿನದು. ಕೊಟ್ಟವನೂ ಪಡೆದವನೂ ಒಬ್ಬರನ್ನೊಬ್ಬರು ಅರಿಯದ ದಾನ ಏಳನೆಯದು. ಸಾಲ ಕೊಟ್ಟೋ, ಪಾಲುದಾರನನ್ನಾಗಿ ಮಾಡಿಕೊಂಡೋ, ಕೆಲಸ ಒದಗಿಸಿಯೋ ಬಡವನು ಕೈಚಾಚದಂತೆ ಮಾಡುವುದು ಸರ್ವೋಚ್ಚ. ಅನ್ನದ ಋಣವನ್ನು ಬಲ್ಲವನು ಮಾತ್ರ ಇದನ್ನು ಬರೆಯಬಲ್ಲನೆಂದು ನಮಗೆ ತೋರುತ್ತದೆ.

ಆದರೂ ಆತನ ನಿಯಮವು ಅತಿಯಾಯಿತೆಂದೇ ನಮ್ಮ ಅಭಿಪ್ರಾಯ. ಮಕ್ಕಳಿಗೆ ಪಾಠ ಹೇಳುವವನಿಗೂ ಹಸಿವೆಯುಂಟು, ಎಲ್ಲರೂ ರಾಜವೈದ್ಯರಾಗಲಾರರು. ಅನಂತರದ ಯೆಹೂದ್ಯ ಧರ್ಮಶಾಸ್ತ್ರಿಗಳಲ್ಲಿ ಅನೇಕರು ವಿದ್ವಾಂಸರ ವೇತನವನ್ನು ಸಮರ್ಥಿಸಿ ಆತನನ್ನು ವಿರೋಧಿಸಿದ್ದಾರೆ.

ಆ ಬದುಕು ಎಂತಹುದಾಗಿತ್ತೆಂಬುದನ್ನು 1199ರಲ್ಲಿ ತನ್ನ ಗ್ರಂಥದ ಅನುವಾದಕನಾದ ಸಮುವೇಲ್ ಇಬ್ನ್ ತಿಬ್ಬೋನನಿಗೆ ಆತನೇ ಬರೆದು ತಿಳಿಸಿದನು. ಮುಂಜಾನೆ ಕೈರೋದ ಅರಮನೆಗೆ ಸವಾರಿ. ಮಧ್ಯಾಹ್ನ ಹಸಿದು ಮರಳಿದರೆ ಪಡಸಾಲೆಯ ತುಂಬ ರೋಗಿಗಳು, ಯೆಹೂದ್ಯರೂ ಅನ್ಯರೂ, ಶ್ರೀಮಂತರೂ ಪಾಮರರೂ. ಅವರ ಅಪ್ಪಣೆ ಬೇಡಿ, ದಿನಕ್ಕೆ ಒಂದೇ ಸಲದ ಊಟವನ್ನು ಮುಗಿಸಿ, ರಾತ್ರಿಯವರೆಗೂ ಚಿಕಿತ್ಸೆ. ದಣಿವಿನಿಂದ ಮಲಗಿಕೊಂಡೇ ಔಷಧ ಹೇಳುವುದು. ಶಾಸ್ತ್ರವಿಚಾರಕ್ಕೆ ಜನ ಕೂಡಿ ಬರುತ್ತಿದ್ದುದು ಸಬ್ಬತ್ ದಿನದಲ್ಲಿ. ತನ್ನನ್ನು ಕಾಣಲು ಅಷ್ಟು ದೂರ ಬಂದರೂ ಏಕಾಂತದಲ್ಲಿ ಒಂದು ಗಳಿಗೆಯೂ ದೊರೆಯದೆಂದು ಆ ಮಿತ್ರನನ್ನು ಎಚ್ಚರಿಸಿದನು. 1204ರ ಡಿಸೆಂಬರಿನಲ್ಲಿ ಮೃತನಾದ ಈತನ ಸಮಾಧಿಯೆಂದು ಗಲಿಲಾಯ ಪ್ರಾಂತದ ತಿಬೇರಿಯದಲ್ಲಿ ತೋರಿಸುವ ಸ್ಥಳಕ್ಕೆ ಯಾತ್ರಿಕರು ಇಂದಿಗೂ ಹೋಗುತ್ತಾರೆ.