ಕರ್ನಲ್ ಓದಿಸಿದ ಮಾಸ್ತರು

ಡೆಡ್‌ಲಾಕ್‌ಗೆ ನಾಲ್ಕು ಕಂಡೀಷನ್, ಶೆಡ್ಯೂಲಿಂಗ್‌ಗೆ ಗ್ಯಾಂಟ್ ಚಾರ್ಟ್, ಹತ್ತು ಮಾರ್ಕ್ಸ್‌ಗೆ ಡೈನಿಂಗ್ ಫಿಲಾಸಫರ್ಸ್. ಆಪರೇಟಿಂಗ್ ಸಿಸ್ಟಮ್ ಪೇಪರ್ ಬರೆದವರಿಗೆಲ್ಲಾ ಇವು ಬಾಯಿಪಾಠ. ಆದ್ರೆ ನಿಜವಾಗಿ ಓಡೋ ಒಂದು ಕರ್ನಲ್ ಒಳಗೆ ಏನಿದೆ ಅಂತ ಕೇಳಿದ್ರೆ ನಮ್ಮಲ್ಲಿ ಬಹಳ ಜನ ಸುಮ್ಮನಾಗ್ತೀವಿ. ನಾವು ಮನೋಳಿ ಕಡೆಯವರು. ನಮ್ಮೂರಿನ ಸಿವಿಲ್ ಹುಡುಗರು ನವಿಲುತೀರ್ಥಕ್ಕೆ ಹೋದ್ರೆ ಮಲಪ್ರಭೆಗೆ ಕಟ್ಟಿದ ಅಣೆಕಟ್ಟನ್ನ, ಅದರ ಗೇಟುಗಳನ್ನ ಕಣ್ಣಾರೆ ನೋಡಿ ಬರಬಹುದು. ಮೆಕ್ಯಾನಿಕಲ್‌ನವರಿಗೆ ಬಿಚ್ಚೋಕೆ ಹಳೇ ಎಂಜಿನ್ ಇದೆ. ಆಪರೇಟಿಂಗ್ ಸಿಸ್ಟಮನ್ನೂ ಹಂಗೇ ಬಿಚ್ಚಿ ತೋರಿಸಿ ಪಾಠ ಮಾಡಿದವರು ಜಾನ್ ಲಯನ್ಸ್.

ಲಯನ್ಸ್ ಹುಟ್ಟಿದ್ದು 1937ರಲ್ಲಿ, ಆಸ್ಟ್ರೇಲಿಯಾದ ಸಿಡ್ನಿಯಲ್ಲಿ. 1959ರಲ್ಲಿ ಅಲ್ಲೇ ಡಿಗ್ರಿ, 1963ರಲ್ಲಿ ಕೇಂಬ್ರಿಜ್‌ನಿಂದ ಡಾಕ್ಟರೇಟ್. ಅದೂ ಕಂಪ್ಯೂಟರ್‌ನಲ್ಲಲ್ಲ, ಕಂಟ್ರೋಲ್ ಎಂಜಿನಿಯರಿಂಗ್‌ನಲ್ಲಿ (ಇಇಇ ಗೆಳೆಯರು ಕಾಲರ್ ಏರಿಸ್ಕೊಳ್ಳಬಹುದು). ಆಮೇಲೆ ಕೆನಡಾ, ಅಮೆರಿಕದಲ್ಲಿ ಕೆಲಸ ಮಾಡಿ 1972ರಲ್ಲಿ ಸಿಡ್ನಿಯ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯಕ್ಕೆ ಪಾಠ ಮಾಡೋಕೆ ಬಂದರು.

1974ರಲ್ಲಿ ಡೆನಿಸ್ ರಿಚಿ ಮತ್ತು ಕೆನ್ ಥಾಂಪ್ಸನ್ ಯುನಿಕ್ಸ್ ಬಗ್ಗೆ ಬರೆದ ಲೇಖನ ಪ್ರಕಟವಾಯ್ತು. ಅದನ್ನ ಓದಿದ ಲಯನ್ಸ್ ಅವರ ಸಹೋದ್ಯೋಗಿ ಕೆನ್ ರಾಬಿನ್ಸನ್, ನಮಗೂ ಒಂದು ಪ್ರತಿ ಕೊಡ್ತೀರಾ ಅಂತ ಬೆಲ್ ಲ್ಯಾಬ್ಸ್‌ಗೆ ಪತ್ರ ಹಾಕಿದರು. ಯುನಿಕ್ಸ್ ಸಿಡ್ನಿಗೆ ಬಂತು, ಸೋರ್ಸ್ ಕೋಡ್ ಸಮೇತ.

ಇಲ್ಲಿ ಲಯನ್ಸ್ ಮಾಡಿದ್ದು ನಮಗೆ ಈಗಲೂ ಧೈರ್ಯದ ಕೆಲಸ ಅನ್ನಿಸುತ್ತೆ. ಥಿಯರಿ ಹೇಳಿ ಮುಗಿಸೋದು ಸುಲಭ. ಆಟಿಕೆಯಂಥ ಒಂದು ಸಣ್ಣ ಸಿಸ್ಟಮ್ ಬರೆಸೋದೂ ಇತ್ತು. ಅವರು ಎರಡನ್ನೂ ಬಿಟ್ಟು, ಯುನಿಕ್ಸ್ ಆರನೇ ಆವೃತ್ತಿಯ ಕರ್ನಲ್ಲನ್ನೇ ಪಠ್ಯ ಮಾಡಿದರು. ಒಟ್ಟು ಸುಮಾರು 9000 ಸಾಲು. ಒಬ್ಬ ವಿದ್ಯಾರ್ಥಿ ಕೂತು ಓದಿದ್ರೆ ಪೂರ್ತಿ ತಲೆಗೆ ಹೋಗೋಷ್ಟು ಗಾತ್ರ. 1976ರಲ್ಲಿ ಕ್ಲಾಸಿಗಾಗಿ ಎರಡು ಪುಸ್ತಕ ಸಿದ್ಧವಾದವು. ಒಂದರಲ್ಲಿ ಕೋಡ್, ಇನ್ನೊಂದರಲ್ಲಿ ಅದರ ವ್ಯಾಖ್ಯಾನ. ಕೋಡಿನ ಪ್ರತಿ ಸಾಲಿಗೂ ನಾಲ್ಕಂಕಿಯ ನಂಬರ್, ಒಂದು ಹಾಳೆಗೆ ನೂರು ಸಾಲು. 2238 ಅಂದ್ರೆ 22ನೇ ಹಾಳೆ, ಅದರಲ್ಲಿ 38ನೇ ಸಾಲು. ಎರಡೂ ಪುಸ್ತಕ ಪಕ್ಕಪಕ್ಕ ತೆರೆದಿಟ್ಟು ಬೆರಳಿಟ್ಟು ಓದಬೇಕು. ನಮ್ಮಲ್ಲಿ ಹಳೇ ಕಾವ್ಯಕ್ಕೆ ಟೀಕೆ ಬರೀತಿದ್ರಲ್ಲ, ಅದೇ ಕ್ರಮ.

ಆ 2238 ಸುಮ್ಮನೆ ಹೇಳಿದ್ದಲ್ಲ. ಒಂದು ಪ್ರೋಸೆಸ್ ತನ್ನ ಪ್ರೊಸೆಸರನ್ನ ಇನ್ನೊಂದಕ್ಕೆ ಬಿಟ್ಟುಕೊಡೋ ಫಂಕ್ಷನ್ ಇರೋದು ಆ ಹಾಳೆಯಲ್ಲೇ. ಹೆಸರು ಸ್ವಿಚ್, ಸ್ಪೆಲಿಂಗ್‌ನಲ್ಲಿ ಐ ಇಲ್ಲ. ಓದುಗರಿಗೆ ಇದು ಅರ್ಥವಾಗದಿದ್ರೂ ನಡೆಯುತ್ತೆ ಅನ್ನೋ ಧಾಟಿಯ ಕಾಮೆಂಟನ್ನ ಬರೆದವರೇ ಆ ಸಾಲಿನಲ್ಲಿ ಹಾಕಿಬಿಟ್ಟಿದ್ರು. ಒಂದು ಸ್ಟ್ಯಾಕ್ ಮೇಲೆ ಕರೆದ ಫಂಕ್ಷನ್ ಇನ್ನೊಂದು ಸ್ಟ್ಯಾಕ್ ಮೇಲೆ ವಾಪಸ್ ಬರುತ್ತೆ. ಮೊದಲ ಸಲ ಓದಿದವರಿಗೆ ತಲೆ ಗಿರ್ ಅನ್ನೋದು ಗ್ಯಾರಂಟಿ. ಪರೀಕ್ಷೆಯಲ್ಲಿ ನಾವು ಕಾಂಟೆಕ್ಸ್ಟ್ ಸ್ವಿಚ್ ಅಂತ ಎರಡು ಸಾಲಿನಲ್ಲಿ ಬರೆದು ಮುಗಿಸೋದು ಇದನ್ನೇ. ಲಯನ್ಸ್ ಕ್ಲಾಸಿನ ಹುಡುಗರಿಗೆ ಇದನ್ನ ದಾಟಿ ಹೋಗೋ ಅವಕಾಶ ಇರಲಿಲ್ಲ.

ಪುಸ್ತಕದ ಸುದ್ದಿ ಬೇಗ ಹಬ್ಬಿತು. ಆದ್ರೆ ಯುನಿಕ್ಸ್ ಬೆಲ್ ಲ್ಯಾಬ್ಸ್‌ನ ಮಾತೃಸಂಸ್ಥೆ ಎಟಿ ಆ್ಯಂಡ್ ಟಿಯ ಆಸ್ತಿ; ಲೈಸೆನ್ಸ್ ಇದ್ದವರಿಗಷ್ಟೇ ಪುಸ್ತಕ ಕೊಡಬಹುದಿತ್ತು. 1979ರಲ್ಲಿ ಏಳನೇ ಆವೃತ್ತಿ ಬಂದಾಗ, ಕೋಡನ್ನ ಕ್ಲಾಸಿನಲ್ಲಿ ಪಾಠ ಮಾಡೋಹಾಗಿಲ್ಲ ಅಂತ ಲೈಸೆನ್ಸ್‌ನಲ್ಲೇ ಸೇರಿತು. ಪಾಠ ನಿಂತಿತು, ಓದು ನಿಲ್ಲಲಿಲ್ಲ. ಜೆರಾಕ್ಸಿನ ಜೆರಾಕ್ಸ್, ಅದರ ಜೆರಾಕ್ಸ್, ಅಕ್ಷರ ಮಸುಕಾದ ಹಾಳೆಗಳು ದೇಶದಿಂದ ದೇಶಕ್ಕೆ ಕೈ ಬದಲಾಯಿಸಿದವು. ಇಂಟರ್ನಲ್ಸ್ ಹಿಂದಿನ ರಾತ್ರಿ ನೋಟ್ಸ್‌ಗಾಗಿ ಅಂಗಡಿ ಮುಂದೆ ಕ್ಯೂ ನಿಲ್ಲೋ ನಮಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ!

ಪಾಠಕ್ಕೆ ಕೋಡ್ ಇಲ್ಲದಂತಾದಾಗ ಆ್ಯಮ್‌ಸ್ಟರ್‌ಡ್ಯಾಮ್‌ನಲ್ಲಿ ಆ್ಯಂಡ್ರೂ ಟ್ಯಾನೆನ್‌ಬಾಮ್ ತಾವೇ ಮಿನಿಕ್ಸ್ ಬರೆದು 1987ರಲ್ಲಿ ಪುಸ್ತಕದ ಜೊತೆ ಕೊಟ್ಟರು. ಅದನ್ನ ಓದಿದ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಲಿನಕ್ಸ್ ಶುರು ಮಾಡಿದ. ಅದರ ಮುಂದಿನದು ನಮ್ಮ ಜೇಬಿನಲ್ಲಿರೋ ಫೋನಿನ ಕಥೆ.

ಇತ್ತ ಲಯನ್ಸ್ ಆರೋಗ್ಯ ಕೆಟ್ಟು 1995ರಲ್ಲಿ ನಿವೃತ್ತರಾದರು. ಮರುವರ್ಷ, ಆಗ ಯುನಿಕ್ಸ್ ಹಕ್ಕು ಹೊಂದಿದ್ದ ಸ್ಯಾಂಟಾ ಕ್ರೂಜ್ ಆಪರೇಷನ್ ಕಂಪನಿ ಒಪ್ಪಿದ್ದರಿಂದ ಪುಸ್ತಕ ಇಪ್ಪತ್ತು ವರ್ಷಗಳ ನಂತರ ರಾಜಾರೋಷವಾಗಿ ಅಚ್ಚಾಯ್ತು. ಇದಕ್ಕಾಗಿ ಓಡಾಡಿದವರಲ್ಲಿ ಸ್ವತಃ ಡೆನಿಸ್ ರಿಚಿ ಇದ್ದರು. ಎರಡೇ ವರ್ಷ, 1998ರ ಡಿಸೆಂಬರ್‌ನಲ್ಲಿ ಲಯನ್ಸ್ ತೀರಿಕೊಂಡರು. ನಮ್ಮ ಬೆಳಗಾವಿಯಲ್ಲಿ ವಿಟಿಯು ಶುರುವಾದ ವರ್ಷ ಅದು. ಸಿಡ್ನಿಯ ಅದೇ ವಿಶ್ವವಿದ್ಯಾಲಯದಲ್ಲಿ ಈಗ ಅವರ ಹೆಸರಿನ ಪ್ರಾಧ್ಯಾಪಕ ಪೀಠವಿದೆ.

2002ರಲ್ಲಿ ಎಂಐಟಿ ತನ್ನ ಕ್ಲಾಸಿಗೆ ಲಯನ್ಸ್ ವ್ಯಾಖ್ಯಾನವನ್ನೇ ತಂತು. ಆದ್ರೆ ಹಳೇ ಪಿಡಿಪಿ-11 ಮಶೀನ್ ಹುಡುಗರಿಗೆ ದೂರದ ಮಾತು. ಹಾಗಾಗಿ 2006ರಲ್ಲಿ ಅದೇ ಆರನೇ ಆವೃತ್ತಿಯ ರಚನೆಯನ್ನ ಹೊಸ ಪ್ರೊಸೆಸರ್‌ಗೆ ತಿರುಗಿಸಿ ಬರೆದರು; ಅದೇ ಎಕ್ಸ್‌ವಿ6. ಹತ್ತು ಸಾವಿರ ಸಾಲಿನೊಳಗಿನ ಕರ್ನಲ್, ಬಿಟ್ಟಿ ಸಿಗುತ್ತೆ, ಯಾರ ಲೈಸೆನ್ಸಿಗೂ ಹೆದರಬೇಕಿಲ್ಲ, ನಮ್ಮ ಲ್ಯಾಪ್‌ಟಾಪ್‌ಗಳಲ್ಲಿ ಕ್ಯೂಎಂಯು ಮೇಲೆ ಆರಾಮಾಗಿ ಓಡುತ್ತೆ. ಪಠ್ಯಕ್ರಮದಲ್ಲಿ ಇಲ್ಲ ಅಂತ ಹೇಳಿ ಕೂತ್ರೆ ಅದು ಕಾಯ್ತಾ ಕೂರಲ್ಲ. ನಾವು ನಾಲ್ಕು ಮಂದಿ ಹಾಸ್ಟೆಲ್‌ನಲ್ಲಿ ಅದನ್ನ ಪ್ರಿಂಟ್ ಹಾಕಿಸಿ ಓದೋಕೆ ಶುರು ಮಾಡಿದೀವಿ. ಐ ಇಲ್ಲದ ಆ ಸ್ವಿಚ್ ಅದರಲ್ಲೂ ಇದೆ, ಸದ್ಯ ಅಲ್ಲೇ ಸಿಕ್ಕಿಹಾಕ್ಕೊಂಡಿದೀವಿ. ಶನಿವಾರ ಸಂಜೆ ಬಿಡುವಿದ್ದವರು ಬರ್ರಿ, ಪೆನ್ಸಿಲ್ ತರ್ರಿ.