ಸಮಾಧಿಯ ಸುತ್ತಲಿನ ಹಸಿರು

ಬೆಳಗಾವಿ ಜಿಲ್ಲೆಯ ಬೈಲಹೊಂಗಲದಲ್ಲಿ ಒಂದು ಪುಟ್ಟ ಉದ್ಯಾನವಿದೆ. ಅದರ ನಡುವೆ ಒಂದು ಸಮಾಧಿ. ಕಿತ್ತೂರಿನ ರಾಣಿ ಚೆನ್ನಮ್ಮ ಚಿರನಿದ್ರೆಯಲ್ಲಿರುವುದು ಅಲ್ಲಿಯೇ. ಕಿತ್ತೂರನ್ನು ಆಳಿದವಳು ಬೈಲಹೊಂಗಲದ ಮಣ್ಣಿನಲ್ಲಿ ಮಲಗಿರುವುದೇಕೆ ಎಂಬುದನ್ನು ಅರಿತವರಿಗೆ ಆ ಹಸಿರಿನ ಬೆಲೆ ತಿಳಿದೀತು.

ಚೆನ್ನಮ್ಮ ಹುಟ್ಟಿದ್ದು 1778ರಲ್ಲಿ, ಬೆಳಗಾವಿಗೆ ಸಮೀಪದ ಕಾಕತಿಯಲ್ಲಿ. ತಂದೆ ಧೂಳಪ್ಪ ದೇಸಾಯಿ. ಎಳವೆಯಲ್ಲಿಯೇ ಅವಳು ಕುದುರೆ ಸವಾರಿ, ಕತ್ತಿವರಸೆ, ಬಿಲ್ವಿದ್ಯೆಗಳನ್ನು ಕಲಿತಳು. ಮುಂದೆ ಕಿತ್ತೂರಿನ ದೊರೆ ಮಲ್ಲಸರ್ಜ ದೇಸಾಯಿಯ ಕೈಹಿಡಿದು ಅರಮನೆಗೆ ಬಂದಳು. ಆದರೆ ಸುಖವು ಬಹುಕಾಲ ನಿಲ್ಲಲಿಲ್ಲ. ಹೆತ್ತ ಮಗ ತೀರಿಕೊಂಡನು. ಪೇಶ್ವೆಯ ಸೆರೆಯಲ್ಲಿ ನೊಂದ ಮಲ್ಲಸರ್ಜನು 1816ರಲ್ಲಿ ಕಾಲವಾದನು. ಹಿರಿಯ ರಾಣಿಯ ಮಗ ಶಿವಲಿಂಗರುದ್ರಸರ್ಜನು ಪಟ್ಟವೇರಿದನಾದರೂ ಅವನೂ 1824ರ ಸೆಪ್ಟೆಂಬರಿನಲ್ಲಿ ಮಕ್ಕಳಿಲ್ಲದೆ ಮಡಿದನು.

ಸಂಸ್ಥಾನದ ಉಳಿವಿಗಾಗಿ ಶಿವಲಿಂಗಪ್ಪನೆಂಬ ಬಾಲಕನನ್ನು ದತ್ತು ತೆಗೆದುಕೊಳ್ಳಲಾಯಿತು. ಧಾರವಾಡದ ಕಲೆಕ್ಟರನಾಗಿದ್ದ ಥ್ಯಾಕರೆ ಆ ದತ್ತಕವನ್ನು ಒಪ್ಪದೆ, ಕಿತ್ತೂರಿನ ಬೊಕ್ಕಸಕ್ಕೆ ಕಾವಲಿಟ್ಟನು. ತನ್ನ ಮನೆಯ ವಾರಸಿಕೆಯನ್ನು ಪರರು ನಿರ್ಣಯಿಸುವುದನ್ನು ಚೆನ್ನಮ್ಮ ಸಹಿಸಲಿಲ್ಲ. 1824ರ ಅಕ್ಟೋಬರ್ 23ರಂದು ಕೋಟೆಯ ಬಾಗಿಲು ತೆರೆಯಿತು. ಕಿತ್ತೂರಿನ ಸೈನ್ಯ ಹೊರಗೆ ನುಗ್ಗಿತು. ಆ ಕಾಳಗದಲ್ಲಿ ಥ್ಯಾಕರೆ ಹತನಾದನು. ಇಲಿಯಟ್ ಮತ್ತು ಸ್ಟೀವನ್ಸನ್ ಎಂಬ ಇಬ್ಬರು ಅಧಿಕಾರಿಗಳು ಸೆರೆಸಿಕ್ಕರು. ರಾಣಿ ಅವರ ಪ್ರಾಣಕ್ಕೆ ಕೇಡು ಬಗೆಯಲಿಲ್ಲ. ಕೊನೆಗೆ ಅವರನ್ನು ಬಿಟ್ಟುಕೊಟ್ಟಳು.

ಗೆದ್ದ ಸಂತಸ ಒಂದೂವರೆ ತಿಂಗಳೂ ಬಾಳಲಿಲ್ಲ. ದೊಡ್ಡ ಸೈನ್ಯ, ಭಾರಿ ತೋಪುಗಳೊಡನೆ ಆಂಗ್ಲರು ಮರಳಿ ಬಂದರು. ಡಿಸೆಂಬರ್ ಮೊದಲ ವಾರದಲ್ಲಿ ಕೋಟೆ ಅವರ ವಶವಾಯಿತು. ಚೆನ್ನಮ್ಮನನ್ನು ಬೈಲಹೊಂಗಲದ ಕೋಟೆಯಲ್ಲಿ ಸೆರೆಯಿರಿಸಿದರು. ಕುದುರೆಯೇರಿ ಬಯಲನ್ನಳೆದವಳಿಗೆ ನಾಲ್ಕು ಗೋಡೆಗಳೇ ಲೋಕವಾದವು. 1829ರ ಫೆಬ್ರುವರಿಯಲ್ಲಿ ಸೆರೆಯಲ್ಲಿಯೇ ಅವಳ ಉಸಿರು ನಿಂತಿತು. ಅವಳ ಬಂಟ ಸಂಗೊಳ್ಳಿ ರಾಯಣ್ಣ ಹೋರಾಟವನ್ನು ಮುಂದುವರಿಸಿ, 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದನು.

ಕಾಲ ಉರುಳಿತು. 2007ರಲ್ಲಿ ದೆಹಲಿಯ ಸಂಸತ್ ಭವನದ ಆವರಣದಲ್ಲಿ ರಾಣಿಯ ಪ್ರತಿಮೆ ನಿಂತಿತು. ಕಿತ್ತೂರಿನ ಪಾಳುಗೋಟೆಯ ಆವರಣವು ಅಕ್ಟೋಬರಿನ ಉತ್ಸವದಲ್ಲಿ ಜನರಿಂದ ತುಂಬುತ್ತದೆ. ಉತ್ಸವದ ಗೌರವ ಮೂರು ದಿನದ್ದು. ಪ್ರತಿಮೆಯ ಗೌರವ ದೂರದ್ದು. ಊರವರ ನಿತ್ಯದ ಗೌರವ ಸಲ್ಲಬೇಕಾದುದು ಸಮಾಧಿಯ ಈ ಉದ್ಯಾನದಲ್ಲಿ.

ಸಣ್ಣ ಊರಿಗೆ ಉದ್ಯಾನವೆಂಬುದು ಬರಿಯ ಅಲಂಕಾರವಲ್ಲ. ದುಡಿದು ದಣಿದವರಿಗೆ ಅದು ನೆರಳು, ಮುದುಕರಿಗೆ ಮಾತಿನ ಕಟ್ಟೆ, ಮಕ್ಕಳಿಗೆ ಆಟದ ಬಯಲು. ಅದಕ್ಕೆ ಬೇಕಾದುದು ಬಹಳವೇನಲ್ಲ: ಬೇಸಿಗೆಯಲ್ಲಿ ಗಿಡಗಳಿಗೆ ನೀರು, ಎಡವದೆ ನಡೆಯಬಹುದಾದ ಕಾಲುದಾರಿ, ಕುಳಿತುಕೊಳ್ಳಲು ಕಲ್ಲುಹಾಸು, ರಾಣಿಯ ಕಥೆ ಹೇಳುವ ಒಂದು ಫಲಕ. ಇವನ್ನು ಒದಗಿಸುವುದು ಆಡಳಿತದ ಹೊಣೆ. ಹಾಳಾಗದಂತೆ ಕಾಯುವುದು ನಮ್ಮ ಹೊಣೆ. ಸರ್ಕಾರ ನೆಟ್ಟ ಗಿಡವನ್ನು ಊರವರ ಪ್ರೀತಿಯೇ ಮರವಾಗಿಸಬೇಕು.

ಯಾವ ಊರಿನಲ್ಲಿ ಚೆನ್ನಮ್ಮನಿಗೆ ಮನಬಂದಂತೆ ಹತ್ತು ಹೆಜ್ಜೆ ನಡೆಯುವ ಸ್ವಾತಂತ್ರ್ಯವಿರಲಿಲ್ಲವೋ ಅದೇ ಊರಿನಲ್ಲಿ ಇಂದು ಮಕ್ಕಳು ಅವಳ ಸಮಾಧಿಯ ಸುತ್ತ ಅಂಜಿಕೆಯಿಲ್ಲದೆ ಓಡಾಡಬಲ್ಲರು. ಅವಳು ಹೋರಾಡಿದ್ದು ಇದಕ್ಕಾಗಿಯೇ ಅಲ್ಲವೇ? ಆ ಹಸಿರು ಬಾಡದಂತೆ ನೋಡಿಕೊಳ್ಳುವುದೇ ನಾವು ಅವಳಿಗೆ ಸಲ್ಲಿಸುವ ಪೂಜೆ.